ಮರುಪ್ರಸಾರದ ಹಣ ಯಾರ ಜೇಬಿಗೆ?

ಕನ್ನಡದ ಹುಡುಗರೇ, ಶಿವಾಜಿನಗರದಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವವನಾಗಿ ಒಂದು ಲೆಕ್ಕ ಹೇಳುತ್ತೇನೆ, ಕೇಳಿ. ಪುಸ್ತಕ ಎರಡನೇ ಸಲ ಅಚ್ಚಾದರೆ ಕಾಗದದವನಿಗೆ ಮತ್ತೆ ಹಣ, ನನಗೆ ಮತ್ತೆ ಹಣ, ಬೈಂಡಿಂಗ್ ಹುಡುಗನಿಗೆ ಮತ್ತೆ ಕೂಲಿ. ಪ್ರಕಾಶಕ ಮರ್ಯಾದಸ್ಥನಾಗಿದ್ದರೆ ಲೇಖಕನಿಗೂ ರಾಯಲ್ಟಿ. ಧಾರಾವಾಹಿ ಮರುಪ್ರಸಾರವಾದರೆ? ಜಾಹೀರಾತಿನ ಹಣ ವಾಹಿನಿಗೆ. ನಟಿಸಿದವನಿಗೆ, ಲೈಟು ಹೊತ್ತವನಿಗೆ, ಮೇಕಪ್ ಮಾಡಿದವನಿಗೆ ಬಹುಪಾಲು ಸೊನ್ನೆ! ಅಂದು ಕೊಟ್ಟ ದಿನದ ಸಂಬಳಕ್ಕೇ ಋಣ ಹರಿಯಿತಂತೆ!

‘ಮಾಲ್ಗುಡಿ ಡೇಸ್’ ನೆನಪಿಸಿಕೊಳ್ಳಿ. 80ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. ನಮ್ಮ ಮಾಸ್ಟರ್ ಮಂಜುನಾಥ್, ನಮ್ಮ ನಟರು, ನಮ್ಮ ಮಳೆ. ಭಾಷೆ ಮಾತ್ರ ಹಿಂದಿ, ಇಂಗ್ಲಿಷ್! (ಆ ಜಗಳ ಇನ್ನೊಂದು ದಿನ ಆಡೋಣ.) ಅದು ದೂರದರ್ಶನದಲ್ಲಿ ಮತ್ತೆ ಮತ್ತೆ ಬಂತು. 2020ರಲ್ಲಿ ಕನ್ನಡಕ್ಕೆ ಡಬ್ ಆಗಿ ಜೀ ಕನ್ನಡದಲ್ಲೂ ಬಂತು. ಅದೇ ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತು ಕಿರುತೆರೆ ಕಾರ್ಮಿಕರು ದಿನಸಿ ಕಿಟ್ಟಿಗೆ ಕೈಯೊಡ್ಡಿದರು. ಎಲ್ಲ ವಾಹಿನಿಗಳಲ್ಲೂ ಹಳೆಯ ಕಂತುಗಳು ದುಡಿಯುತ್ತಿದ್ದವು. ಕಂತು ಕಟ್ಟಿದ ಕೈಗಳು ಖಾಲಿ!

ಕಾನೂನು ಇಲ್ಲವೇ? ಇದೆ! 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯ 38ಎ ಕಲಂ ಪ್ರಕಾರ ಅಭಿನಯವನ್ನು ವ್ಯಾಪಾರಕ್ಕೆ ಬಳಸಿದರೆ ಕಲಾವಿದನಿಗೆ ರಾಯಲ್ಟಿ ಸಲ್ಲಬೇಕು. ಗಾಯಕರು 2013ರಲ್ಲಿ ‘ಇಸ್ರಾ’ ಎಂಬ ಸಂಘ ಕಟ್ಟಿಕೊಂಡು ವಸೂಲಿಗೆ ಇಳಿದರು. ನಟರ ಹಕ್ಕು ಕಾಗದದಲ್ಲೇ ಮಲಗಿದೆ. ತೆರೆಯ ಮೇಲೆ ಹೆಸರು ಬಾರದ ಚಿಲ್ಲರೆ ಪಾತ್ರದವನನ್ನು ರಾಯಲ್ಟಿ ಲೆಕ್ಕಕ್ಕೆ ಕಾಯ್ದೆ ಕಲಾವಿದನೆಂದೇ ಒಪ್ಪುವುದಿಲ್ಲ. ಲೈಟ್‌ಬಾಯ್ ಹೆಸರಂತೂ ಅದರಲ್ಲಿ ಇಲ್ಲವೇ ಇಲ್ಲ.

ಹಕ್ಕನ್ನು ನುಂಗುವುದು ಕರಾರು ಪತ್ರ. ‘ಎಲ್ಲ ಮಾಧ್ಯಮಕ್ಕೂ, ಎಲ್ಲ ಕಾಲಕ್ಕೂ’ ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಳ್ಳುತ್ತಾರೆ. ಅದೂ ಇಂಗ್ಲಿಷಿನಲ್ಲಿ! ಕನ್ನಡ ಧಾರಾವಾಹಿ, ಕನ್ನಡ ನಟ, ಕರಾರು ಮಾತ್ರ ದೊರೆಗಳ ಭಾಷೆಯಲ್ಲಿ! ನಮ್ಮ ಬೀದಿಯಲ್ಲಿ ಮದುವೆ ಪತ್ರಿಕೆ ಉರ್ದು, ತಮಿಳು, ಕನ್ನಡ, ಗಿರಾಕಿ ಕೇಳಿದ ಭಾಷೆಯಲ್ಲಿ ಅಚ್ಚಾಗುತ್ತದೆ. ಕೋಟಿಗಟ್ಟಲೆ ವಹಿವಾಟಿನವರಿಗೆ ನಾಲ್ಕು ಪುಟ ಕನ್ನಡ ಅಚ್ಚು ಹಾಕಿಸಲು ಏನು ದಾಡಿ?

ಅಮೆರಿಕದ ನಟರು 1960ರಲ್ಲಿ ಮುಷ್ಕರ ಹೂಡಿದಾಗ ಅವರ ಸಂಘದ ಮುಂದಾಳು ರೊನಾಲ್ಡ್ ರೇಗನ್! ಟಿವಿಗೆ ಮಾರಿದ ಸಿನಿಮಾಗಳಲ್ಲಿ ಪಾಲು ಪಡೆದೇ ಕೆಲಸಕ್ಕೆ ಮರಳಿದರು. ಅಲ್ಲಿ ತಂತ್ರಜ್ಞರ ಪಾಲು ಅವರ ಪಿಂಚಣಿ, ಆಸ್ಪತ್ರೆ ನಿಧಿಗೆ ಹೋಗುತ್ತದೆ. 2023ರಲ್ಲಿ ಒಟಿಟಿ ಪಾಲಿಗಾಗಿಯೂ ನಟರು 118 ದಿನ ಕೆಲಸ ನಿಲ್ಲಿಸಿದರು.

ನಮ್ಮ ವಿಧಾನಮಂಡಲ 2024ರಲ್ಲಿ ಸಿನಿ ಕಾರ್ಮಿಕರ ಕ್ಷೇಮಕ್ಕೆ ಟಿಕೆಟ್, ಒಟಿಟಿ ಚಂದಾಗಳ ಮೇಲೆ ಶೇ. 1ರಿಂದ 2ರಷ್ಟು ಸೆಸ್ ಹಾಕುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸಂತೋಷ. ಆದರೆ ಅದು ಪ್ರೇಕ್ಷಕನ ಜೇಬಿನ ಹಣ, ವಾಹಿನಿಯ ಲಾಭದ ಪಾಲಲ್ಲ. ಕನ್ನಡ ಸಂಘಗಳು ಇನ್ನು ವಾಹಿನಿಗಳ ಬಾಗಿಲಿಗೆ ಹೋದಾಗ ಎರಡು ಬೇಡಿಕೆ ಜೊತೆಗಿರಲಿ: ಕರಾರು ಕನ್ನಡದಲ್ಲಿರಬೇಕು, ಪ್ರತಿ ಮರುಪ್ರಸಾರಕ್ಕೂ ಕಲಾವಿದನಿಂದ ಲೈಟ್‌ಬಾಯ್‌ವರೆಗೆ ಯಾರಿಗೆ ಎಷ್ಟು ಎಂಬುದು ಅದರಲ್ಲಿ ಅಂಕಿಯಲ್ಲೇ ಬರೆದಿರಬೇಕು.