ಕೆಂಪು ದೀಪದ ಭಾಷೆ ನಮಗೆ ಯಾರು ಕಲಿಸಬೇಕು?

ಎತ್ತಿನ ಮೂಗು ಒಣಗಿದ್ದರೆ ಜ್ವರ ಬಂದಿದೆ ಅಂತ ನಮಗೆ ಗೊತ್ತಾಗುತ್ತದೆ. ಮೆಲುಕು ಹಾಕುವುದು ನಿಲ್ಲಿಸಿದರೆ ಹೊಟ್ಟೆ ಕೆಟ್ಟಿದೆ ಅಂತ ತಿಳಿಯುತ್ತದೆ. ಇದನ್ನು ಯಾವ ಶಾಲೆಯಲ್ಲೂ ಕಲಿತಿಲ್ಲ. ಅಪ್ಪನ ಹಿಂದೆ ತಿರುಗಾಡಿ ಕಲಿತದ್ದು. ಈಗ ಬಹಳ ಮನೆಗಳಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಕೆಲವರ ಮನೆ ಮುಂದೆ ಸಣ್ಣ ಗೂಡ್ಸ್ ಗಾಡಿ, ಹಳೇ ಕಾರು ನಿಂತಿವೆ. ಮೈ ಸರಿ ಇಲ್ಲದಾಗ ಅವೂ ಹೇಳುತ್ತವೆ. ಮೀಟರ್ ಬೋರ್ಡಿನ ಮೇಲೆ ದೀಪ ಹಚ್ಚಿ ಹೇಳುತ್ತವೆ. ಆದರೆ ಆ ಭಾಷೆಯನ್ನು ನಮಗೆ ಯಾರೂ ಕಲಿಸಿಲ್ಲ. ಕಲಿಸಬೇಕಾದವರು ಕೈ ತೊಳೆದುಕೊಂಡಿದ್ದಾರೆ ಅನ್ನೋದೇ ನನ್ನ ತಕರಾರು.

ನಮ್ಮ ಪಕ್ಕದ ಹೊಲದವರ ಮಾತು ಕೇಳಿ. ಆರು ಎಕರೆ ಎರಿ ಭೂಮಿ. ಅದನ್ನು ಬ್ಯಾಂಕಿಗೆ ಬರೆದುಕೊಟ್ಟು ಟ್ರ್ಯಾಕ್ಟರ್ ತಂದರು. ಹಿಂಗಾರಿ ಕಡಲೆ ಬಿತ್ತುವ ಹೊತ್ತಿಗೆ, ಹೊಲದಲ್ಲಿ ಓಡುತ್ತಿದ್ದಾಗಲೇ ಎಣ್ಣೆ ಗಿಂಡಿಯಂಥ ಒಂದು ಕೆಂಪು ಚಿತ್ರ ಹತ್ತಿಕೊಂಡಿತು. ಓಡಿಸುವ ಹುಡುಗ ಅದನ್ನು ನೋಡಿದ್ದ. "ಅದು ಕೀಲಿ ತಿರುವಿದಾಗೆಲ್ಲ ಹತ್ತತಿತ್ರೀ, ಹಂಗ ಹತ್ತೈತಿ ಅಂದ್ಕೊಂಡೆ" ಅಂದ. ಇನ್ನೆರಡು ಸಾಲು ಹೊಡೆಯುವಷ್ಟರಲ್ಲಿ ಇಂಜಿನ್ ಸೀಜ್ ಆಯಿತು. ಶೋರೂಮಿನವರು ಸರ್ವಿಸ್ ಬುಕ್ ತೆಗೆದು ನೋಡಿದರು. 50 ತಾಸಿಗೆ ಆಗಬೇಕಿದ್ದ ಮೊದಲ ಸರ್ವಿಸ್ 90 ತಾಸಿಗೆ ಆಗಿತ್ತು. "ವಾರಂಟಿ ಬರೋದಿಲ್ಲ ಯಜಮಾನ್ರೆ" ಅಂದು ಪುಸ್ತಕ ಮುಚ್ಚಿದರು. ಹದ ಹೋಯಿತು, ಬಾಡಿಗೆ ಟ್ರ್ಯಾಕ್ಟರಿನಲ್ಲಿ ತಡವಾಗಿ ಬಿತ್ತಿದರು, ಇಳುವರಿ ಅರ್ಧ ಬಂತು. ಸಾಲದ ಕಂತು ಮಾತ್ರ ಪೂರ್ತಿ ಬಂತು.

ತಪ್ಪು ಯಾರದು? ಎಲ್ಲರೂ ಆ ಹುಡುಗನನ್ನು ಬೈದರು. ನಾನು ಬೈಯುವುದಿಲ್ಲ.

ಕೀಲಿ ಕೊಡುವ ದಿನ ನಡೆಯುವುದೇನು?

ಗಾಡಿ ಮನೆಗೆ ತರುವ ದಿನ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಬಹಳ ಮಂದಿ ದೀಪಾವಳಿ ಪಾಡ್ಯವನ್ನೋ ಆಯುಧ ಪೂಜೆಯನ್ನೋ ನೋಡಿ ತರುತ್ತಾರೆ. ಹಾರ ಹಾಕುತ್ತಾರೆ, ಕಾಯಿ ಒಡೆಯುತ್ತಾರೆ, ನಿಂಬೆಹಣ್ಣು ಗಾಲಿಗೆ ಇಡುತ್ತಾರೆ. ರಟ್ಟಿನ ದೊಡ್ಡ ಕೀಲಿ ಕೈಗೆ ಕೊಟ್ಟು ಫೋಟೋ ತೆಗೆಯುತ್ತಾರೆ. ಆಮೇಲೆ ಹತ್ತು ಕಡೆ ಸಹಿ. ಕೊನೆಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಪುಸ್ತಕ. ನಾನು ನೋಡಿದ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು, ಕೆಲವು ಹಿಂದಿಯವು. ಅದು ಮನೆಯ ಮಾಡದಲ್ಲಿ ಕೂರುತ್ತದೆ, ಮತ್ತೆ ಹೊರಗೆ ಬರುವುದಿಲ್ಲ.

ಲಕ್ಷಗಟ್ಟಲೆ ರೂಪಾಯಿ ಎಣಿಸಿಕೊಂಡವರು ಅರ್ಧ ತಾಸು ಕೂತು "ಈ ದೀಪ ಹತ್ತಿದರೆ ನಿಲ್ಲಿಸಿ, ಇದು ಹತ್ತಿದರೆ ಮನೆಗೆ ತನ್ನಿ" ಅಂತ ಹೇಳಲು ಆಗುವುದಿಲ್ಲವೇ? ಲೈಸೆನ್ಸ್ ಕೊಡುವಾಗ ರಸ್ತೆಯ ಫಲಕಗಳ ಬಗ್ಗೆ ಕೇಳುತ್ತಾರೆ. ಎದುರಿಗೇ ಇರುವ ಮೀಟರ್ ಬೋರ್ಡಿನ ಬಗ್ಗೆ ಹೇಳುವವರು ಕಡಿಮೆ.

"ಓದು ಬಾರದ ಮಂದಿಗೆ ಹೇಳಿ ಏನು ಉಪಯೋಗ" ಅನ್ನುವವರಿದ್ದಾರೆ. ಈ ಮಾತು ಸುಳ್ಳು. ಆ ಗುರುತುಗಳಲ್ಲಿ ಅಕ್ಷರ ಕಡಿಮೆ, ಚಿತ್ರವೇ ಹೆಚ್ಚು. ಯಾವ ದೇಶದವರಿಗೂ ಅರ್ಥವಾಗಲಿ ಅಂತಲೇ ಇವುಗಳಿಗೆ ಜಗತ್ತಿಗೆಲ್ಲ ಒಂದೇ ಮಾದರಿ ಇದೆ. ಕಾರು, ಲಾರಿಗಳ ಗುರುತಿಗೆ ಐಎಸ್‌ಒ 2575, ಟ್ರ್ಯಾಕ್ಟರ್ ಮತ್ತು ಕೃಷಿ ಯಂತ್ರಗಳ ಗುರುತಿಗೆ ಐಎಸ್‌ಒ 3767. ಒಂದು ಗಾಡಿಯಲ್ಲಿ ಕಲಿತರೆ ಹತ್ತು ಗಾಡಿಯಲ್ಲಿ ಬಳಕೆಗೆ ಬರುತ್ತದೆ. ನಾನು ಓದಿದ್ದು ಏಳನೇ ಇಯತ್ತೆ. ನನಗೆ ಒಂದು ಮಧ್ಯಾಹ್ನ ಸಾಕಾಯಿತು.

ಮೂರು ಬಣ್ಣ, ಮೂರು ಮಾತು

ಮೊದಲು ಬಣ್ಣ ಕಲಿಯಿರಿ. ಹಸಿರು, ನೀಲಿ ಅಂದರೆ ಇಂಥದ್ದು ಚಾಲೂ ಇದೆ ಅಂತ ಅಷ್ಟೇ. ದೊಡ್ಡ ಲೈಟು ಹಾಕಿದರೆ ನೀಲಿ, ಇಂಡಿಕೇಟರ್ ಹಾಕಿದರೆ ಹಸಿರು. ಹಳದಿ ಅಂದರೆ ಏನೋ ಕೊರತೆ ಇದೆ, ಬೇಗ ನೋಡಿಸು ಅಂತ. ಕೆಂಪು ಅಂದರೆ ಅಪಾಯ, ಕೆಲಸ ನಿಲ್ಲಿಸಿ ನೋಡು ಅಂತ.

ಕೀಲಿ ತಿರುವಿದ ಕೂಡಲೇ ಕೆಲವು ದೀಪ ಹತ್ತಿ, ಇಂಜಿನ್ ಚಾಲೂ ಆದ ಮೇಲೆ ಆರುತ್ತವೆ. ಇದು ದೀಪ ತಾನು ಬದುಕಿದ್ದೇನೆ ಅಂತ ತೋರಿಸುವುದು. ಹತ್ತಬೇಕಾದ ದೀಪ ಹತ್ತದಿದ್ದರೆ ಅದೇ ದೊಡ್ಡ ಅಪಾಯ. ಬಲ್ಬ್ ಸುಟ್ಟಿರುತ್ತದೆ, ಇಲ್ಲಾ ವೈರು ಕಡಿದಿರುತ್ತದೆ. ಕಿರಿಕಿರಿ ಅಂತ ದೀಪದ ವೈರನ್ನೇ ಕಿತ್ತು ಹಾಕುವವರೂ ಇದ್ದಾರೆ. ನಾಯಿ ಬೊಗಳುತ್ತದೆ ಅಂತ ಬಾಯಿ ಕಟ್ಟಿ ಮಲಗಿದ ಹಾಗಾಯಿತು ಇದು.

ಹನಿ ತೊಟ್ಟಿಕ್ಕುವ ಎಣ್ಣೆ ಗಿಂಡಿ: ಇದು ಆಯಿಲ್ ಒತ್ತಡದ ದೀಪ. ಎಷ್ಟು ಆಯಿಲ್ ಇದೆ ಅಂತ ಹೇಳುವ ದೀಪವಲ್ಲ. ಆಯಿಲ್ ಇದ್ದರೂ ಪಂಪು ಕೆಟ್ಟಿದ್ದರೆ ಹತ್ತುತ್ತದೆ. ಓಡುವಾಗ ಹತ್ತಿದರೆ ಸಾಲು ಮುಗಿಸುವ ಮಾತೇ ಬೇಡ, ನಿಂತಲ್ಲೇ ಇಂಜಿನ್ ಆಫ್ ಮಾಡಬೇಕು. ಕೆಲವು ನಿಮಿಷ ಬಿಟ್ಟು ಸಮ ನೆಲದಲ್ಲಿ ಆಯಿಲ್ ಕಡ್ಡಿ ಎಳೆದು ನೋಡಿ. ಕಡಿಮೆ ಇದ್ದರೆ ಹಾಕಿ, ಎಲ್ಲಿ ಸೋರುತ್ತಿದೆ ನೋಡಿ. ಮಟ್ಟ ಸರಿ ಇದ್ದೂ ದೀಪ ಆರದಿದ್ದರೆ ಮತ್ತೆ ಚಾಲೂ ಮಾಡಬೇಡಿ. ಮೆಕ್ಯಾನಿಕ್ ಹೊಲಕ್ಕೇ ಬರಲಿ.

ಅಧಿಕ-ಋಣ ಗುರುತಿನ ಡಬ್ಬಿ: ಇದು ಬ್ಯಾಟರಿ. "ಇಂಜಿನ್ ಓಡ್ತೈತಲ್ಲ, ಸಂಜಿಗೆ ನೋಡಿದ್ರಾತು" ಅಂತ ಬಹಳ ಮಂದಿ ಬಿಡುತ್ತಾರೆ. ಡೈನಮೋ ಚಾರ್ಜ್ ಮಾಡುತ್ತಿಲ್ಲ ಅಂತ ಇದರ ಅರ್ಥ. ಬೆಲ್ಟು ಹರಿದಿದ್ದರೂ ಇದೇ ದೀಪ ಹತ್ತುತ್ತದೆ. ಬಹಳ ಇಂಜಿನ್‌ಗಳಲ್ಲಿ ಫ್ಯಾನು, ನೀರಿನ ಪಂಪು ತಿರುಗುವುದು ಅದೇ ಬೆಲ್ಟಿನಿಂದ. ಹಾಗಾಗಿ ಹಿಂದೆಯೇ ಇಂಜಿನ್ ಕಾಯುತ್ತದೆ. ನಿಲ್ಲಿಸಿ, ಬೆಲ್ಟು ನೋಡಿ.

ಅಲೆಯ ಮೇಲೆ ನಿಂತ ಥರ್ಮಾಮೀಟರ್: ಇಂಜಿನ್ ಕಾದಿದೆ. ಭಾರ ಇಳಿಸಿ ನಿಧಾನಕ್ಕೆ ಬಿಡಿ. ಮುಳ್ಳು ಇಳಿಯದಿದ್ದರೆ, ಇಲ್ಲಾ ನೀರು ಸೋರಿದ್ದು ಕಂಡರೆ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ರಾಶಿ ಮಾಡುವ ಕಾಲದಲ್ಲಿ ಹೊಟ್ಟು ರೇಡಿಯೇಟರ್ ಜಾಳಿಗೆಗೆ ಮೆತ್ತಿಕೊಂಡು ಗಾಳಿ ನಿಲ್ಲುತ್ತದೆ. ಊಟಕ್ಕೆ ನಿಂತಾಗೊಮ್ಮೆ ಅದನ್ನು ಕೊಡವಬೇಕು. ನಮ್ಮ ಬೋರಿನ ಗಡಸು ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಕಂಪನಿ ಹೇಳಿದ ಕೂಲಂಟ್ ಹಾಕಿ.

ಹೊಸ ಗಾಡಿಗಳ ಹಳದಿ ದೀಪ

2020ರ ಏಪ್ರಿಲ್ 1ರಿಂದ ಕಾರು, ಗೂಡ್ಸ್ ಗಾಡಿಗಳಿಗೆ ಬಿಎಸ್6 ನಿಯಮ ಬಂತು. 50 ಎಚ್.ಪಿ.ಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಟ್ರೆಮ್ 4 ನಿಯಮ ಬಂತು. ಇಂಥ ಬಹಳ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಳಿಗೆ ಇರುತ್ತದೆ. ಡಬ್ಬಿಯೊಳಗೆ ಚುಕ್ಕಿಗಳಿರುವ ಹಳದಿ ಚಿತ್ರ ಇದರದು. ಹಿಡಿದ ಮಸಿ ಉರಿದು ಹೋಗಲು ಒಳ್ಳೆ ಶಾಖ ಬೇಕು. ಹೊಲದಿಂದ ಮನೆಗೆ, ಮನೆಯಿಂದ ಡೇರಿಗೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿದರೆ ಆ ಶಾಖ ಹುಟ್ಟುವುದೇ ಇಲ್ಲ. ಕಾರು, ಗೂಡ್ಸ್ ಗಾಡಿಯಲ್ಲಿ ಈ ದೀಪ ಹತ್ತಿದರೆ ದೊಡ್ಡ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ಬಿಟ್ಟರೆ ಜಾಳಿಗೆ ಕಟ್ಟಿ, ಗಾಡಿ ಎಳೆಯುವುದೇ ಕಡಿಮೆಯಾಗುತ್ತದೆ. ಈ ಗಾಡಿಗಳಿಗೆ ಪುಸ್ತಕದಲ್ಲಿ ಬರೆದ ಆಯಿಲ್ಲೇ ಹಾಕಬೇಕು.

ಕೊಂಡವರಿಗೆ ಇದನ್ನು ಮಾರುವಾಗಲೇ ಹೇಳಬೇಡವೇ? ದಿನಾ ಎರಡು ಮೈಲು ಓಡಿಸುವವನಿಗೆ ಈ ಗಾಡಿ ಹೊಂದುತ್ತದೋ ಇಲ್ಲವೋ ಅಂತ ಮಾರುವವರಿಗೆ ಗೊತ್ತಿರುತ್ತದೆ.

ಮೊದಲ 50 ತಾಸು

ಹೊಸ ಟ್ರ್ಯಾಕ್ಟರ್ ಅಂದರೆ ಹೊಸ ಹೋರಿ ಇದ್ದ ಹಾಗೆ. ನೊಗ ಪಳಗುವ ಮೊದಲೇ ಹೆಚ್ಚು ಭಾರ ಹೂಡಿದರೆ ಹೆಗಲು ಕೆಡುತ್ತದೆ. ಮೊದಲ 50 ತಾಸು ಆಳ ನೇಗಿಲು, ಮಿತಿ ಮೀರಿದ ಟ್ರ್ಯಾಲಿ ಬೇಡ. ಒಂದೇ ವೇಗದಲ್ಲಿ ದಿನವಿಡೀ ಓಡಿಸುವುದೂ, ಸುಮ್ಮನೆ ಚಾಲೂ ಇಟ್ಟು ನಿಲ್ಲಿಸುವುದೂ ಒಳ್ಳೆಯದಲ್ಲ. ಗಾಲಿಯ ನಟ್ಟುಗಳು ಮೊದಮೊದಲು ಸಡಿಲಾಗುತ್ತವೆ, ಬಿಗಿ ನೋಡಿ. ಹೊಸ ಇಂಜಿನ್ ತಿಕ್ಕಿಕೊಂಡು ಉದುರಿಸುವ ಲೋಹದ ಪುಡಿ ಆಯಿಲ್ಲಿಗೆ ಸೇರುತ್ತದೆ. ಅದಕ್ಕೇ ಮೊದಲ ಸರ್ವಿಸ್ ಅಷ್ಟು ಬೇಗ. ಹೆಚ್ಚಿನ ಟ್ರ್ಯಾಕ್ಟರ್‌ಗೆ ಅದು 50 ತಾಸಿಗೆ ಬರುತ್ತದೆ. ತಾಸಿನ ಮೀಟರ್ ನೋಡಿ ಗೋಡೆ ಮೇಲೆ ಬರೆದಿಡಿ, ಸರ್ವಿಸ್ ಬುಕ್ಕಿಗೆ ಸಿಕ್ಕಾ ಹಾಕಿಸಿಕೊಳ್ಳಿ. ಬಾಯಿಮಾತಿಗೆ ವಾರಂಟಿ ಇಲ್ಲ.

ನಮ್ಮ ಬಯಲುಸೀಮೆಯವರಿಗೆ ಇನ್ನೊಂದು ಮಾತು ದಪ್ಪ ಅಕ್ಷರದಲ್ಲಿ ಹೇಳಬೇಕು: ಧೂಳು. ಬೇಸಿಗೆಯಲ್ಲಿ ಕುಂಟೆ, ರೋಟವೇಟರ್ ಹೊಡೆಯುವಾಗ ಏರ್ ಕ್ಲೀನರ್ ದಿನಾ ನೋಡಬೇಕು. ಎಣ್ಣೆ ಬಟ್ಟಲಿನದಾದರೆ ಕೆಸರಾದ ಎಣ್ಣೆ ಬದಲಿಸಬೇಕು. ಧೂಳು ಒಳಗೆ ಹೋದರೆ ಪಿಸ್ಟನ್ನಿಗೆ ಉಸುಕಿನ ಕಾಗದ ತಿಕ್ಕಿದಂತೆ.

ಕಳ್ಳರ ವಿಷಯ

ಈಗಿನ ಬಹಳ ಕಾರುಗಳ ಕೀಲಿಯೊಳಗೆ ಒಂದು ಚಿಪ್ ಇರುತ್ತದೆ. ಆ ಚಿಪ್ ಗುರುತಿಸದೆ ಇಂಜಿನ್ ಚಾಲೂ ಆಗುವುದಿಲ್ಲ. ಕಾರಿನ ಚಿತ್ರದ ಮೇಲೆ ಬೀಗ ಇಲ್ಲಾ ಕೀಲಿ ಇರುವ ದೀಪ ಅದರದು. ನಿಲ್ಲಿಸಿದ ಕಾರಿನಲ್ಲಿ ಅದು ಮಿನುಗುತ್ತಿದ್ದರೆ ರೋಗವಲ್ಲ, ಕಾವಲು. ಕೀಲಿ ಹಾಕಿದ ಮೇಲೂ ಹತ್ತಿಕೊಂಡೇ ಇದ್ದು ಗಾಡಿ ಚಾಲೂ ಆಗದಿದ್ದರೆ ಎರಡನೇ ಕೀಲಿಯಿಂದ ನೋಡಿ.

ನಮ್ಮ ಭಾಗದ ಟ್ರ್ಯಾಕ್ಟರ್‌ಗಳಲ್ಲಿ ಇಂಥದ್ದು ನಾನು ಕಂಡಿಲ್ಲ. ನಮ್ಮೂರಲ್ಲಿ ಒಬ್ಬರ ಟ್ರ್ಯಾಕ್ಟರ್ ಕೀಲಿ ಇನ್ನೊಬ್ಬರ ಟ್ರ್ಯಾಕ್ಟರಿಗೆ ಕೂರುತ್ತದೆ. ಮನೆ ಬೀಗಕ್ಕೆ ಇಂಥ ಕೀಲಿ ಕೊಟ್ಟಿದ್ದರೆ ಅಂಗಡಿಯವನನ್ನು ಸುಮ್ಮನೆ ಬಿಡುತ್ತಿದ್ದೆವಾ? ಇಷ್ಟು ಬೆಲೆಯ ಯಂತ್ರಕ್ಕೆ ಒಳ್ಳೆ ಬೀಗ ಕೇಳುವ ಹಕ್ಕು ನಮಗಿದೆ. ಅಲ್ಲಿಯ ತನಕ ಬ್ಯಾಟರಿ ಲೈನಿಗೆ ಕಾಣದ ಕಡೆ ಒಂದು ಸ್ವಿಚ್ ಹಾಕಿಸಿ. ರಾತ್ರಿ ಗಾಲಿಗೂ ಟ್ರ್ಯಾಲಿಗೂ ಸರಪಳಿ ಹಾಕಿ. ಡೀಸೆಲ್ ಟ್ಯಾಂಕಿಗೆ ಬೀಗ ಇರಲಿ. ಇಂಜಿನ್ ನಂಬರ್, ಚಾಸಿ ನಂಬರ್ ಫೋಟೋ ತೆಗೆದಿಡಿ.

ವಿಮೆಯ ಮಾತು: ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಕಳುವಿಗೆ ಒಂದು ಪೈಸೆಯೂ ಬರುವುದಿಲ್ಲ. ಸ್ವಂತ ಗಾಡಿಯ ನಷ್ಟಕ್ಕೂ, ಕಳುವಿಗೂ ವಿಮೆ ಮಾಡಿಸಿರಬೇಕು. ಕಳುವಾದರೆ ಕೂಡಲೇ 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ದೂರು ಬರೆಸಿ, ವಿಮೆಯವರಿಗೂ ತಿಳಿಸಿ. ಅವರು ಎರಡೂ ಕೀಲಿ ಕೇಳುತ್ತಾರೆ. ಎರಡನ್ನೂ ಒಂದೇ ದಾರಕ್ಕೆ ಕಟ್ಟಿ ಗಾಡಿಯಲ್ಲೇ ಬಿಟ್ಟವನು ಏನು ಕೊಡುತ್ತಾನೆ?

ಆಗಬೇಕಾದ್ದು ಇಷ್ಟು

"ಈ ದೀಪಗಳು ಸುಳ್ಳೂ ಹೇಳುತ್ತವೆ" ಅನ್ನುವವರಿದ್ದಾರೆ. ನಿಜ, ಕೆಲವೊಮ್ಮೆ ವೈರು ಸಡಿಲಾಗಿ ಸುಮ್ಮನೆ ಹತ್ತುತ್ತವೆ. ಆದರೆ ಸುಳ್ಳೋ ನಿಜವೋ ಅಂತ ಇಂಜಿನ್ ನಿಲ್ಲಿಸಿ ನೋಡಬೇಕು. ಹತ್ತು ನಿಮಿಷ ಹೋದರೆ ಹೋಗಲಿ, ಇಂಜಿನ್ ಉಳಿಯುತ್ತದೆ.

ಮಾರುವವರಿಗೆ ನನ್ನ ಮಾತು: ಕನ್ನಡದ ಪುಸ್ತಕ ಕೊಡಿ. ದೀಪಗಳ ಚಿತ್ರ, ಎದುರಿಗೆ ಕನ್ನಡದಲ್ಲಿ ಎರಡು ಮಾತು ಇರುವ ಒಂದು ಹಾಳೆಯನ್ನು ಮಡ್‌ಗಾರ್ಡ್ ಮೇಲೆ ಅಂಟಿಸಿ. ಗಾಡಿ ಕೊಟ್ಟ ವಾರದೊಳಗೆ ಹೊಲಕ್ಕೆ ಬಂದು ಮಾಲೀಕನಿಗೂ, ಓಡಿಸುವ ಹುಡುಗನಿಗೂ, ಮನೆಯ ಹೆಣ್ಣುಮಕ್ಕಳಿಗೂ ಹೇಳಿಕೊಡಿ. ಬ್ಯಾಂಕಿನವರೂ ಯೋಚಿಸಲಿ. ಗಾಡಿ ನಿಂತರೆ ಅವರ ಕಂತೂ ನಿಲ್ಲುತ್ತದೆ.

ನಮಗೆ ನನ್ನ ಮಾತು: ಕೇಳದೆ ಯಾರೂ ಕೊಡುವುದಿಲ್ಲ. "ಕನ್ನಡ ಪುಸ್ತಕ ಕೊಟ್ಟರೇನೇ ಸಹಿ" ಅನ್ನಿ. ಧಾರವಾಡ, ರಾಯಚೂರಿನ ಕೃಷಿ ಮೇಳಗಳಲ್ಲಿ ಟ್ರ್ಯಾಕ್ಟರ್ ಮಳಿಗೆಗೆ ಹೋದಾಗ ಬೆಲೆ ಕೇಳುವ ಮೊದಲು ದೀಪದ ಅರ್ಥ ಕೇಳಿ. ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಸಂಸ್ಥೆ ಇದೆ. ಬಳ್ಳಾರಿ ಕಡೆಯವರಿಗೆ ಅದು ದೂರವಲ್ಲ. ಊರಿಗೆ ಇಬ್ಬರು ಹುಡುಗರು ಹೋಗಿ ಕಲಿತು ಬಂದರೆ ಊರಿಗೆಲ್ಲ ಕಲಿಸುತ್ತಾರೆ. ಓಡಿಸುವ ಹುಡುಗರಿಗೂ ಧೈರ್ಯ ಕೊಡಬೇಕು. ಕೆಂಪು ದೀಪ ಕಂಡು ನಿಲ್ಲಿಸಿದವನನ್ನು "ಯಾಕೋ ನಿಲ್ಲಿಸಿದಿ, ಹದ ಹೊಂಟೈತಿ" ಅಂತ ಬೈದರೆ ನಾಳೆ ಅವನು ನಿಲ್ಲಿಸುವುದಿಲ್ಲ.

ನಾಳೆ ಬೆಳಿಗ್ಗೆ ಕೀಲಿ ತಿರುವಿದಾಗ ಒಂದು ಕ್ಷಣ ತಡೆದು, ಎಷ್ಟು ದೀಪ ಹತ್ತಿದವು, ಎಷ್ಟು ಆರಿದವು ಎಣಿಸಿ. ಗೊತ್ತಿಲ್ಲದ್ದು ಒಂದಿದ್ದರೂ ಅದರ ಅರ್ಥ ಕೇಳಿ ತಿಳಿದೇ ಹೊಲಕ್ಕೆ ಹೊರಡಿ.