ಮರದ ಮುಂದೆ ಒಂದು ಗಂಟೆ ಕೂರೋಣ

ನಮ್ಮ ವರ್ಕ್‌ಶಾಪ್ ಹಿಂದೆ ಒಂದು ದೊಡ್ಡ ಮಳೆಮರ ಇತ್ತು. ಈಗ ಅಲ್ಲಿ ಬೈಕ್ ಸ್ಟ್ಯಾಂಡ್ ಇದೆ. ಸೆಮಿಸ್ಟರ್ ರಜೆ ಮುಗಿಸಿ ವಾಪಸ್ ಬರುವಷ್ಟರಲ್ಲಿ ಮರ ಹೋಗಿತ್ತು. ಅದರ ನೆನಪಿಗೆ ಈ ಸಂಚಿಕೆಯಲ್ಲಿ ಒಂದು ಪುಟ ಇಡೋಣ ಅಂದುಕೊಂಡು, ಯಾರ ಹತ್ತಿರವಾದರೂ ಫೋಟೋ ಇದ್ದರೆ ಕಳಿಸಿ ಎಂದು ಗ್ರೂಪಿನಲ್ಲಿ ಕೇಳಿದೆವು. ಒಂದೇ ಸಂಜೆಗೆ ರಾಶಿ ಫೋಟೋ ಬಂದವು. ಎಲ್ಲದರಲ್ಲೂ ನಾವೇ ಇದ್ದೆವು! ಬರ್ತ್‌ಡೇ ಕೇಕ್ ಹಿಡಿದ ನಾವು, ಎಥ್ನಿಕ್ ಡೇ ಪಂಚೆ ಉಟ್ಟ ನಾವು, ವೈವಾ ಮುಗಿಸಿ ಹಲ್ಲು ಕಿರಿದ ನಾವು. ಮರ ಮಾತ್ರ ಯಾರದೋ ಕಿವಿಯ ಪಕ್ಕ ಮಸುಕಾಗಿ, ಪೋರ್ಟ್ರೇಟ್ ಮೋಡ್‌ನಲ್ಲಿ ಕರಗಿಹೋಗಿತ್ತು.

ಕೊನೆಗೆ ಪೂರ್ತಿ ಮರ ಸಿಕ್ಕಿದ್ದು ಎರಡನೇ ವರ್ಷದ ಹುಡುಗಿಯೊಬ್ಬಳ ಲ್ಯಾಬ್ ರೆಕಾರ್ಡಿನಲ್ಲಿ. ಡಯಾಗ್ರಾಂ ಬರೆಯುವ ಗೆರೆಯಿಲ್ಲದ ಪುಟದಲ್ಲಿ, ಪೆನ್ಸಿಲಿನಲ್ಲಿ. ಚಿತ್ರ ಅಷ್ಟೇನೂ ಚೆನ್ನಾಗಿಲ್ಲ, ಅವಳೇ ಹೇಳುತ್ತಾಳೆ. ಆದರೆ ಎಡಗಡೆ ಕೊಂಬೆ ಮೊಣಕೈಯಂತೆ ಮಡಚಿಕೊಂಡಿದ್ದದ್ದು, ಸಂಜೆ ಎಲೆಗಳು ಮುಚ್ಚಿಕೊಂಡು ಮರ ತೆಳ್ಳಗಾಗುತ್ತಿದ್ದದ್ದು, ಎರಡೂ ಅದರಲ್ಲಿದೆ. ಮೂರು ವರ್ಷ ಅದರ ಕೆಳಗೇ ಟೀ ಕುಡಿದ ನಮಗೆ ಅದು ಕಂಡೇ ಇರಲಿಲ್ಲ.

ಹಾಗಂತ ಕ್ಯಾಮೆರಾ ಕೆಟ್ಟದ್ದು, ಕುಂಚ ಒಳ್ಳೆಯದು ಅಂತ ನಾವು ಹೇಳುತ್ತಿಲ್ಲ. ಅದು ಸುಲಭದ ಮಾತು, ಸುಳ್ಳು ಮಾತು ಕೂಡ. ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಾಗಿ ಕಾದು ಕೂತ ತೇಜಸ್ವಿಯವರ ಕೈಯಲ್ಲಿದ್ದದ್ದೂ ಕ್ಯಾಮೆರಾನೇ. ಆನ್ಸೆಲ್ ಆಡಮ್ಸ್ 1941ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ತೆಗೆದ ಹರ್ನಾಂಡೆಜ್ ಊರಿನ ಚಂದ್ರೋದಯದ ಫೋಟೋ ನೋಡಿ. ಕಾರು ನಿಲ್ಲಿಸಿ ಕ್ಯಾಮೆರಾ ಹೂಡುವಷ್ಟರಲ್ಲಿ ಬೆಳಕು ಜಾರುತ್ತಿತ್ತು, ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬುದು ಅವರ ನೆನಪಿನಲ್ಲಿತ್ತು. ಅದರಿಂದಲೇ ಎಕ್ಸ್‌ಪೋಶರ್ ಲೆಕ್ಕ ಹಾಕಿ ಒಂದು ಸಲ ಕ್ಲಿಕ್ ಮಾಡಿದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಸಮಾಧಿಯ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಆಮೇಲೆ ಅದೇ ನೆಗೆಟಿವನ್ನು ವರ್ಷಗಟ್ಟಲೆ ಡಾರ್ಕ್‌ರೂಮಿನಲ್ಲಿ ಬೇರೆ ಬೇರೆ ರೀತಿ ಪ್ರಿಂಟ್ ಮಾಡುತ್ತಾ ಹೋದರು. ಕ್ಲಿಕ್ಕಿಗೆ ಒಂದು ಕ್ಷಣ ಸಾಕು. ಅದರ ಹಿಂದೆ ಮುಂದೆ ಇರುವುದು ಕ್ಷಣದ ಕೆಲಸ ಅಲ್ಲ.

ಬಯಲಲ್ಲಿ ಕೂತು ಚಿತ್ರ ಬರೆಯುವವರದೂ ಇದೇ ಕಥೆ. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಕಲಾವಿದ ಬಣ್ಣಕ್ಕೆ ಲೋಹದ ಟ್ಯೂಬ್ ಕಂಡುಹಿಡಿದ ಮೇಲೆ ಎಣ್ಣೆಬಣ್ಣ ಹೊರಗೆ ಹೊತ್ತೊಯ್ಯುವುದು ಸುಲಭವಾಯಿತು. ಒಂದು ಟ್ಯೂಬು ಕಲೆಯ ದಾರಿಯನ್ನೇ ತಿರುಗಿಸಿತು ಅಂದರೆ ಎಂಜಿನಿಯರುಗಳಾಗುವ ನಾವು ಸ್ವಲ್ಪ ಹೆಮ್ಮೆಪಡಬಹುದು. ಕ್ಲಾಡ್ ಮೋನೆ ರೂಆನ್ ಊರಿನ ಒಂದೇ ಚರ್ಚನ್ನು ಮೂವತ್ತಕ್ಕೂ ಹೆಚ್ಚು ಸಲ ಬರೆದ. ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲಿಸುತ್ತಿದ್ದ. ಅಷ್ಟು ದೂರ ಹೋಗುವುದೇನೂ ಬೇಡ. ನಮ್ಮ ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲ್‌ನ ಮೋಡ-ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದರು. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದರು. ಇವತ್ತು ಆ ಊರಿನ ಹಳೇ ಬಣ್ಣ ಯಾವುದಿತ್ತು ಅಂತ ಕೇಳಿದರೆ ಅವರ ಚಿತ್ರಗಳನ್ನು ತೋರಿಸಬಹುದು.

ನಮ್ಮ ತಕರಾರು ಇರುವುದು ಅವಸರದ ಮೇಲೆ. ಫೋನ್ ಈಗ ಒಂದು ಕ್ಲಿಕ್ಕಿಗೆ ಹಲವು ಫ್ರೇಮ್ ತೆಗೆದು, ನೆರಳನ್ನು ಎತ್ತಿ, ಬೆಳಕನ್ನು ಇಳಿಸಿ, ಜೋಡಿಸಿ ಕೊಡುತ್ತದೆ. ಅನುಕೂಲವೇನೋ ಹೌದು. ಆದರೆ ಎಲ್ಲಿ ಕತ್ತಲಿರಬೇಕು ಎಂಬ ತೀರ್ಮಾನ ನಮ್ಮ ಕೈತಪ್ಪಿ ಹೋಗುತ್ತದೆ. ಸಂಜೆ ತೆಗೆದ ಫೋಟೋದಲ್ಲಿ ಸಂಜೆಯೇ ಇರುವುದಿಲ್ಲ.

ಇದನ್ನು ಪರೀಕ್ಷಿಸಿಯೇ ಬಿಡೋಣ ಅಂತ ಒಂದು ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋದೆವು. ನಿಯಮ ಇಷ್ಟೇ: ಒಂದು ಗಂಟೆ ಕೂತ ಜಾಗ ಬಿಟ್ಟು ಏಳುವಂತಿಲ್ಲ. ಫೋನ್ ಇರುವವರಿಗೆ ಐದೇ ಕ್ಲಿಕ್. ಮಿಕ್ಕವರಿಗೆ ಒಂದು ಹಾಳೆ, ಒಂದು ಬಣ್ಣದ ಡಬ್ಬಿ. ಮೊದಲ ಹತ್ತು ನಿಮಿಷ ಬೋರು. ಇಪ್ಪತ್ತನೇ ನಿಮಿಷಕ್ಕೆ, ನೀರು ನೀಲಿ ಅಲ್ಲವೇ ಅಲ್ಲ, ಪಾಚಿ ಹಸಿರು ಅಂತ ಗೊತ್ತಾಯಿತು. ಹತ್ತಿರದ ಮರ ಹಸಿರು, ದೂರದ ಚಾಮುಂಡಿ ಬೆಟ್ಟ ಮಾತ್ರ ನೀಲಿ. ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ ಅಂತ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆವು, ಬಣ್ಣ ಕಲಸುವಾಗ ಅರ್ಥವಾಯಿತು. ಐದು ಕ್ಲಿಕ್ಕಿನವನು ಒಂದು ಹೆಜ್ಜಾರ್ಲೆ ರೆಕ್ಕೆ ಬಿಚ್ಚಲಿ ಅಂತ ನಲವತ್ತು ನಿಮಿಷ ಕಾದ. ಅದು ಬಿಚ್ಚಿದಾಗ ಕಣ್ಣುಜ್ಜಿಕೊಳ್ಳುತ್ತಿದ್ದ! ಆದರೂ ಆ ಹಕ್ಕಿ ಹೇಗೆ ಕತ್ತು ಮಡಚಿ ಕೂರುತ್ತೆ ಅಂತ ಈಗಲೂ ಅಭಿನಯಿಸಿ ತೋರಿಸುತ್ತಾನೆ. ವಾಕಿಂಗ್ ಬಂದ ತಾತ ಒಬ್ಬರು ನಮ್ಮ ಹಾಳೆ ನೋಡಿ, "ಚೆನ್ನಾಗಿದೆ ಮಗಾ, ಇದ್ರಲ್ಲಿ ಕೆರೆ ಯಾವುದು?" ಅಂದರು. ನಕ್ಕು ಸುಸ್ತಾದೆವು.

"ನನಗೆ ಡ್ರಾಯಿಂಗ್ ಬರಲ್ಲ" ಅನ್ನೋದು ಮೊದಲ ನೆಪ. ಬರದಿದ್ದರೂ ನೋಡಲು ಬರುತ್ತದಲ್ಲ, ಅಷ್ಟು ಸಾಕು. "ದುಡ್ಡು" ಎರಡನೆಯದು. ವಿದ್ಯಾರ್ಥಿಗಳ ಬಣ್ಣದ ಡಬ್ಬಿ, ಒಂದು ಬ್ರಷ್, ಹಳೇ ನೀರಿನ ಬಾಟಲಿ ಸಾಕು, ಫೋಟೋಗೆ ಜೇಬಿನ ಫೋನೇ ಇದೆ. ಮೂರನೆಯದು, "ಇದಕ್ಕೆ ಆಕ್ಟಿವಿಟಿ ಪಾಯಿಂಟ್ ಸಿಗುತ್ತಾ?" ಸಿಗಲ್ಲ. ರೆಸ್ಯೂಮೆಗೂ ಹೆಚ್ಚು ಉಪಯೋಗವಿಲ್ಲ. ನಾಲ್ಕು ವರ್ಷದಲ್ಲಿ ಮಾಡುವ ಪ್ರತಿಯೊಂದನ್ನೂ ಯಾರೋ ಒಬ್ಬರು ಅಳೆದು ಅಂಕ ಕೊಡುವಾಗ, ಅಂಕವಿಲ್ಲದ ಒಂದು ಗಂಟೆ ಇರಲಿ ಅನ್ನುವುದೇ ನಮ್ಮ ವಾದ.

ಹಾಗಾಗಿ ಫೆಸ್ಟ್ ಕಮಿಟಿಗೆ ನಮ್ಮ ಬೇಡಿಕೆ ಇದು. ಈ ಸಲದ ಫೋಟೋ ಸ್ಪರ್ಧೆಗೆ ಎಲ್ಲೋ ಟ್ರಿಪ್ ಹೋದಾಗ ತೆಗೆದ ಸೂರ್ಯಾಸ್ತಗಳು ಬೇಡ. ಕ್ಯಾಂಪಸ್ಸಿನೊಳಗೆ ತೆಗೆದದ್ದು, ಒಬ್ಬರಿಗೆ ಒಂದೇ ಫೋಟೋ, ಯಾಕೆ ತೆಗೆದೆವು ಅಂತ ಕನ್ನಡದಲ್ಲಿ ಎರಡು ಸಾಲು. ಪಕ್ಕದಲ್ಲೇ ಒಂದು ಗಂಟೆ ಬಯಲು ಚಿತ್ರಕಲೆ. ಅದಕ್ಕೆ ಬಹುಮಾನ ಬೇಡ, ಬರೆದದ್ದನ್ನೆಲ್ಲ ಲೈಬ್ರರಿ ಕಾರಿಡಾರಿನಲ್ಲಿ ಅಂಟಿಸಿದರೆ ಸಾಕು.

ಮರ ಕಡಿಯುವುದು ಇದರಿಂದ ನಿಲ್ಲುತ್ತದೆ ಅನ್ನುವ ಭ್ರಮೆ ನಮಗಿಲ್ಲ. ಆದರೆ ಏನು ಹೋಯಿತು ಅಂತ ಹೇಳಲಿಕ್ಕಾದರೂ ಮೊದಲು ಏನಿತ್ತು ಅಂತ ನೋಡಿರಬೇಕು. ಮೇನ್ ಗೇಟಿನ ಹತ್ತಿರ ಇನ್ನೂ ಎರಡು ಮಳೆಮರಗಳಿವೆ. ಸಂಜೆ ಐದರ ನಂತರ ನಾವು ಅಲ್ಲಿ ಕೂತಿರುತ್ತೇವೆ. ಬನ್ನಿ, ಪೆನ್ಸಿಲ್ ಒಂದು ಎಕ್ಸ್‌ಟ್ರಾ ಇದೆ.