ಸೈಕಲ್ ಸವಾರಿ ಮತ್ತು ದಾರಿಯ ಧರ್ಮ

ಬೈಸಿಕಲ್ಲು ಬಡವರ ವಾಹನ. ಅದು ಎಣ್ಣೆ ಬೇಡುವುದಿಲ್ಲ, ಹೊಗೆ ಉಗುಳುವುದಿಲ್ಲ. ದೂರದ ಹಳ್ಳಿಯ ಮಕ್ಕಳನ್ನು ಶಾಲೆಗೆ ಮುಟ್ಟಿಸುತ್ತದೆ. ನೆರೆಯ ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚತೊಡಗಿದ್ದೂ ಇದೇ ಕಾರಣದಿಂದ. ಇಂತಹ ಉಪಕಾರಿಯು ಅಪಕಾರಿಯಾಗಬಾರದೆಂಬುದೇ ನಮ್ಮ ಆಶಯ.

2022ರಲ್ಲಿ ಜಿಲ್ಲೆಗಳು ವಿಂಗಡವಾದಾಗ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ದಾರಿಯ ಕಷ್ಟ ಮಾತ್ರ ಎರಡೂ ಕಡೆ ಒಂದೇ. ಪೇಟೆಬೀದಿಯಲ್ಲಿ ಲಾರಿ, ಬಸ್ಸುಗಳಿಗೆ ಅಂಜಿ ನಡೆಯುವವರೂ ಸೈಕಲ್ಲಿನವರೂ ರಸ್ತೆಯ ಅಂಚಿಗೇ ಸರಿಯುತ್ತಾರೆ. ಹಳ್ಳಿಯ ಕಡೆ ಕೆರೆಯ ಏರಿಯ ಮೇಲೆ, ಕಡಲೆಕಾಯಿ ಹೊಲಗಳ ನಡುವೆ ಇರುವುದೇ ಒಂದು ದಾರಿ. ಕುರಿಮಂದೆ, ಹುಲ್ಲುಹೊರೆ ಹೊತ್ತ ತಾಯಂದಿರು, ಕೋಲೂರಿದ ಮುದುಕರು, ಎಲ್ಲರೂ ಅದರಲ್ಲೇ ಸಾಗಬೇಕು.

ನಡೆಯುವವರ ವೇಗ ಗಂಟೆಗೆ 4-5 ಕಿ.ಮೀ. ನಮ್ಮ ಹುಡುಗರು ಸೈಕಲ್ಲೇರಿದರೆ 16 ಕಿ.ಮೀ. ಸುಲಭವಾಗಿ ಮುಟ್ಟುತ್ತಾರೆ. ಅಂದರೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಮೀಟರು. ಕಂಡು, ಎಚ್ಚೆತ್ತು, ಬ್ರೇಕು ಹಿಡಿಯಲು ಒಂದು ಸೆಕೆಂಡು ಬೇಕಾದರೂ ಅಷ್ಟು ನೆಲ ಕಳೆದೇ ಹೋಗಿರುತ್ತದೆ. ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುವುದೆಂದು ವಿಜ್ಞಾನದ ಪಾಠ ಹೇಳುತ್ತದೆ. ಅಡ್ಡ ಓಡಿಬರುವ ಮಗುವಿಗೆ ಈ ಲೆಕ್ಕ ತಿಳಿಯದು. ತಿಳಿದಿರಬೇಕಾದವನು ಸವಾರ.

ನಡೆಯುವವರೇ ದಾರಿ ಬಿಡುವುದಿಲ್ಲವೆಂದು ಕೆಲವು ವಿದ್ಯಾರ್ಥಿಗಳು ವಾದಿಸುತ್ತಾರೆ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೂ ವೇಗ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದೇ. ಗಂಟೆ ಬಾರಿಸಿದ ಮಾತ್ರಕ್ಕೆ ದಾರಿ ನಮ್ಮದಾಗುವುದಿಲ್ಲ. ಕಿವಿ ಮಂದವಾದ ಅಜ್ಜಿಗೆ ಅದು ಕೇಳಿಸದೆಯೇ ಇರಬಹುದು. ದೂರದಿಂದಲೇ ಗಂಟೆ ಬಾರಿಸಿ, ಹತ್ತಿರವಾದಾಗ ನಡಿಗೆಯ ವೇಗಕ್ಕೆ ಇಳಿಸಬೇಕು. ಜನಸಂದಣಿಯಿದ್ದರೆ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನಿಲ್ಲ. ಹರಟುತ್ತಾ ಇಬ್ಬರು ಮೂವರು ಸಾಲಾಗಿ ಅಕ್ಕಪಕ್ಕ ಹೋಗುವುದು ಸಲ್ಲದು.

ಪೋಷಕರಲ್ಲೂ ಒಂದು ವಿನಂತಿ. ಮೋಟಾರು ವಾಹನಕ್ಕೆ ಲೈಸೆನ್ಸು ಬೇಕು, ಅದಕ್ಕೊಂದು ಪರೀಕ್ಷೆಯಿದೆ. ಸೈಕಲ್ಲಿಗೆ ಅದಾವುದೂ ಇಲ್ಲ. ಆದುದರಿಂದ ಆ ಪರೀಕ್ಷೆ ಮನೆಯಲ್ಲೇ ನಡೆಯಬೇಕು. ಎರಡು ಬ್ರೇಕುಗಳೂ ಹಿಡಿಯುತ್ತವೆಯೇ, ಸೀಟಿನ ಮೇಲೆ ಕುಳಿತ ಮಗುವಿನ ಕಾಲು ನೆಲಕ್ಕೆ ಎಟಕುತ್ತದೆಯೇ ಎಂದು ನೋಡಿರಿ. ಮಕ್ಕಳು ಬಿರುಸಾಗಿ ತುಳಿಯುವುದು ಬಹುಪಾಲು ಶಾಲೆಯ ಮೊದಲ ಗಂಟೆಗೆ ಹೆದರಿ. ಹತ್ತು ನಿಮಿಷ ಮೊದಲೇ ಹೊರಡಿಸಿದರೆ ಆ ಅವಸರವೇ ಇರದು. ಶಿಕ್ಷಕರಾದ ನಾವೂ ತಡವಾಗಿ ಬಂದವರನ್ನು ಗದರಿಸುವ ಮುನ್ನ, ಅವರು ಎಷ್ಟು ದೂರದಿಂದ ಬಂದರೆಂದು ವಿಚಾರಿಸೋಣ.

ತಡವಾಗಿ ಬಂದ ಮಗುವಿಗೆ ತಪ್ಪಿದ ಪಾಠವನ್ನು ಮತ್ತೊಮ್ಮೆ ಹೇಳಿಕೊಡಬಹುದು. ಮುರಿದ ಮುದಿ ಮೂಳೆ ಮೊದಲಿನಂತೆ ಕೂಡುವುದು ಕಷ್ಟ.